ಆಳದ ಕ್ರ್ಯಾಂಕ್‌ಬೇಟ್‌ಗೆ ಎಂಥ ರಾಡ್ ಬೇಕು?

ನಾನೇ ಮಾಡಿಕೊಂಡ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ. ಕ್ರ್ಯಾಂಕ್‌ಬೇಟ್ ಅಂದರೆ ಎಳೆದಾಗ ನೀರೊಳಗೆ ಇಳಿದು ಓಡುವ ನಕಲಿ ಮೀನು; ಇಂಥ ಹುಸಿ ಬೇಟೆಗೆ ಲೂರ್ ಅನ್ನುತ್ತಾರೆ. ಅದಕ್ಕೆ ಮೆತ್ತಗಿನ ರಾಡ್ (ಗಾಳದ ಕೋಲು) ಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ಸರಿ, ಮೆತ್ತಗಿನದೇ ಒಂದು ತಗೊಂಡೆ. 7 ಅಡಿ ಉದ್ದ, ಪೂರ್ತಿ ಫೈಬರ್‌ಗ್ಲಾಸ್, ಮೇಲೆ ‘ಮೀಡಿಯಂ’ ಅಂತ ಬರೆದಿತ್ತು. ಒಂದು ಔನ್ಸ್, ಅಂದರೆ 28 ಗ್ರಾಂ ತೂಕದ ಲೂರ್‌ವರೆಗೆ ಎಸೆಯಬಹುದು ಅಂತ ಹಿಡಿಯ ಹತ್ತಿರ ಅಚ್ಚು ಹಾಕಿದ್ದರು. ನನ್ನ ಲೂರ್ ಕೂಡ ಅಷ್ಟೇ ತೂಕದ್ದು. ಲೆಕ್ಕ ಸರಿಹೋಯಿತಲ್ಲ! ಎಸೆದೆ, ಚೆನ್ನಾಗಿಯೇ ಹೋಯಿತು. ದಾರ ಸುತ್ತುವ ರೀಲನ್ನು ಏಳೆಂಟು ಸುತ್ತು ತಿರುಗಿಸುವಷ್ಟರಲ್ಲಿ ರಾಡ್ ಅರ್ಧಕ್ಕಿಂತ ಜಾಸ್ತಿ ಬಾಗಿ ನಿಂತಿತು. ಮೀನು ಕಚ್ಚಿದೆ ಅಂತ ಖುಷಿಪಟ್ಟೆ. ಮೀನೂ ಇಲ್ಲ, ಏನೂ ಇಲ್ಲ, ಬರೀ ಲೂರ್ ಜಗ್ಗುತ್ತಿತ್ತು. ಆಮೇಲೆ ನಿಜವಾಗಿ ಮೀನು ಕಚ್ಚಿದಾಗ ರಾಡನ್ನು ಪಕ್ಕಕ್ಕೆ ಎಳೆದೆ. ಇನ್ನಷ್ಟು ಬಾಗಲು ಅದರಲ್ಲಿ ಏನೂ ಉಳಿದಿರಲಿಲ್ಲ, ಹುಕ್ ಆಳಕ್ಕೆ ನಾಟಲೇ ಇಲ್ಲ. ಮೀನು ಎರಡು ಸಲ ತಲೆ ಒದರಿತು, ಹೋಯಿತು.

ರಾಡ್ ಕೆಟ್ಟದ್ದಲ್ಲ. 5-6 ಅಡಿ ಆಳದಲ್ಲಿ ಓಡುವ ಚಿಕ್ಕ ಕ್ರ್ಯಾಂಕ್‌ಬೇಟ್‌ಗೆ ಅದನ್ನು ಈಗಲೂ ಬಳಸುತ್ತೇನೆ. ತಪ್ಪಿದ್ದು ನನ್ನ ಲೆಕ್ಕ. ರಾಡ್ ಮೇಲೆ ಬರೆದಿರುವುದು ಎಸೆಯುವ ತೂಕ. ಅದೇ ಲೂರ್ ನೀರೊಳಗೆ ಹೋದಮೇಲೆ ಎಷ್ಟು ಜಗ್ಗುತ್ತದೆ ಅನ್ನುವುದು ರಾಡ್ ಮೇಲೂ ಇರುವುದಿಲ್ಲ, ಲೂರ್‌ನ ಡಬ್ಬಿ ಮೇಲೂ ಇರುವುದಿಲ್ಲ. ಆಳದ ಕ್ರ್ಯಾಂಕ್‌ಬೇಟ್ ವಿಷಯದಲ್ಲಿ ಆ ಜಗ್ಗುವಿಕೆಗೆ ತಕ್ಕ ರಾಡ್ ಹುಡುಕಬೇಕು. ತೂಕದ ಮಾತು ಆಮೇಲೆ.

ಯಾಕೆ ಅಷ್ಟು ಜಗ್ಗುತ್ತದೆ? ಲೂರನ್ನು ಕೈಯಲ್ಲಿ ಹಿಡಿದು ನೋಡಿ. ಮೂತಿಯ ಮುಂದೆ ಒಂದು ತುಟಿ ಇದೆಯಲ್ಲ, ಕಡಿಮೆ ಆಳದ್ದರಲ್ಲಿ ಅದು ಚಿಕ್ಕದು, ಕೆಳಕ್ಕೆ ಬಾಗಿರುತ್ತದೆ. ಆಳದ್ದರಲ್ಲಿ ತುಟಿ ಉದ್ದ, ಅಗಲ, ಮೈಯ ನೇರಕ್ಕೇ ಮುಂದೆ ಚಾಚಿಕೊಂಡಿರುತ್ತದೆ, ದಾರ ಕಟ್ಟುವ ಉಂಗುರ ಕೂಡ ಸಾಮಾನ್ಯವಾಗಿ ತುಟಿಯ ಮೇಲೇ ಇರುತ್ತದೆ. ಲೂರ್ ತಾನಾಗಿ ಮುಳುಗುವುದಿಲ್ಲ, ಹೆಚ್ಚಿನವು ತೇಲುತ್ತವೆ. ನೀವು ಎಳೆದಾಗ ತುಟಿಗೆ ನೀರು ಬಡಿದು ಮೂತಿಯನ್ನು ಕೆಳಕ್ಕೆ ತಳ್ಳುತ್ತದೆ, ಹಾಗೆ ಅದು ಇಳಿಯುತ್ತದೆ. ಒಂದು ಸಲಿಕೆಗೆ ಹಗ್ಗ ಕಟ್ಟಿ ನೀರಲ್ಲಿ ಎಳೆದ ಹಾಗೆ. ಒಂದು ಔನ್ಸ್ ಸೀಸದ ಗುಂಡನ್ನೂ ಒಂದು ಔನ್ಸ್ ಕ್ರ್ಯಾಂಕ್‌ಬೇಟನ್ನೂ ಎಸೆಯುವಾಗ ರಾಡ್‌ಗೆ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ವಾಪಸ್ ಎಳೆಯುವಾಗ ಗುಂಡು ಸುಮ್ನೆ ಬರುತ್ತದೆ, ಕ್ರ್ಯಾಂಕ್‌ಬೇಟ್ ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತದೆ.

ವೇಗದ ಕತೆಯೂ ಇದೆ. ನೀರಿನ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ವೇಗ ಒಂದೂವರೆ ಪಟ್ಟು ಆದರೆ ಜಗ್ಗುವಿಕೆ ಎರಡೂಕಾಲು ಪಟ್ಟು. ಹಾಗಾಗಿಯೇ ಆಳದ ಲೂರ್‌ಗೆ 5:1 ಆಸುಪಾಸಿನ (ಕೈಹಿಡಿಯ ಒಂದು ಸುತ್ತಿಗೆ ದಾರದ ಸುರುಳಿ ಐದು ಸುತ್ತು ತಿರುಗುವ) ನಿಧಾನದ ರೀಲ್ ಇರಲಿ ಅನ್ನುವುದು. 8:1 ರೀಲ್ ಹಾಕಿ ಅದೇ ಕೈವೇಗದಲ್ಲಿ ತಿರುಗಿಸಿದರೆ ಒಳ್ಳೆಯ ರಾಡ್ ಕೂಡ ಸೋತ ಹಾಗೆ ಕಾಣುತ್ತದೆ, ಅರ್ಧ ಗಂಟೆಯಲ್ಲಿ ನಿಮ್ಮ ಮಣಿಕಟ್ಟೂ ಸೋಲುತ್ತದೆ. ರಾಡ್ ಸರಿಯಿಲ್ಲ ಅಂತ ಬೈಯುವ ಮುಂಚೆ ರೀಲ್ ನೋಡಿ.

ಇನ್ನು ಎಲ್ಲರೂ ಕಲಸುಮೇಲೋಗರ ಮಾಡಿಕೊಳ್ಳುವ ಎರಡು ಪದ. ಪವರ್ ಮತ್ತು ಆ್ಯಕ್ಷನ್. ಪವರ್ ಅಂದರೆ ರಾಡ್ ಎಷ್ಟು ಭಾರಕ್ಕೆ ಬಾಗುತ್ತದೆ ಅನ್ನುವುದು. ಆ್ಯಕ್ಷನ್ ಅಂದರೆ ಎಲ್ಲಿಂದ ಬಾಗುತ್ತದೆ ಅನ್ನುವುದು. ಫಾಸ್ಟ್ ರಾಡ್ ತುದಿಯ ಮೂರನೇ ಒಂದು ಭಾಗದಲ್ಲಿ ಮಾತ್ರ ಬಾಗುತ್ತದೆ, ಮಾಡರೇಟ್ ರಾಡ್ ಸುಮಾರು ನಡುವಿನವರೆಗೆ, ಸ್ಲೋ ರಾಡ್ ಹಿಡಿಯವರೆಗೂ. ‘ಮೆತ್ತಗಿನ ರಾಡ್’ ಅಂದಾಗ ಜನ ಹೇಳುವುದು ಆ್ಯಕ್ಷನ್ ಬಗ್ಗೆ. ನಾನು ಕೇಳಿಸಿಕೊಂಡಿದ್ದು ಪವರ್ ಬಗ್ಗೆ. ಹಾಗೇ ಮೋಸಹೋದೆ. ಆಳದ ಕ್ರ್ಯಾಂಕ್‌ಬೇಟ್‌ಗೆ ಬೇಕಾದದ್ದು ಮೀಡಿಯಂ-ಹೆವಿ ಪವರ್, ಮಾಡರೇಟ್ ಆ್ಯಕ್ಷನ್. ತೀರಾ ದೊಡ್ಡ ಲೂರ್ ಆದರೆ ಹೆವಿ ಪವರ್, ಆದರೆ ಆಗಲೂ ಆ್ಯಕ್ಷನ್ ಮಾಡರೇಟೇ. ಗಟ್ಟಿ ಇರಬೇಕು, ಆದರೆ ಬಿಗಿಯಾಗಿ ನಿಲ್ಲಬಾರದು.

ಆ್ಯಕ್ಷನ್ ಯಾಕೆ ಮಾಡರೇಟ್ ಇರಬೇಕು ಅನ್ನುವುದಕ್ಕೆ ಸ್ವಲ್ಪ ಹೊತ್ತು ಕೊಡೋಣ, ಬಹಳ ಮೀನು ತಪ್ಪುವುದು ಇಲ್ಲೇ. ಈ ಲೂರ್‌ಗೆ ಸಾಮಾನ್ಯವಾಗಿ ಎರಡು ಟ್ರೆಬಲ್ ಹುಕ್, ಅಂದರೆ ಮೂರು ಮೊನೆಯ ಕೊಕ್ಕೆ, ಒಟ್ಟು ಆರು ಮೊನೆ. ಆರು ಇದೆ ಅಂತ ಧೈರ್ಯ ಬೇಡ. ತಂತಿ ತೆಳ್ಳಗೆ, ಮೊನೆಗಳು ಚಿಕ್ಕವು, ಎಷ್ಟೋ ಸಲ ಒಂದೇ ಮೊನೆ ಬಾಯಂಚಿನ ತೆಳು ಚರ್ಮಕ್ಕೆ ಸಿಕ್ಕಿಕೊಂಡಿರುತ್ತದೆ. ಅದರ ಮೇಲೆ ಲೂರ್‌ನ ತೂಕ ಬೇರೆ. ಮೀನು ನೀರಿನ ಮೇಲೆ ಹಾರಿ ತಲೆ ಒದರಿದಾಗ ಆ ತೂಕವೇ ಹುಕ್ಕನ್ನು ಕಿತ್ತು ಹಾಕುವ ಸನ್ನೆಕೋಲು ಆಗುತ್ತದೆ. ರಾಡ್ ಒಂದು ಸ್ಪ್ರಿಂಗ್ ಅಂದುಕೊಳ್ಳಿ. ಬಿಗಿ ಸ್ಪ್ರಿಂಗ್‌ನಲ್ಲಿ ಮೀನು ನಾಲ್ಕು ಬೆರಳು ನಿಮ್ಮ ಕಡೆಗೆ ಬಂದರೂ ದಾರ ಸಡಿಲ, ನಾಲ್ಕು ಬೆರಳು ಆಚೆಗೆ ಹೋದರೂ ಒಮ್ಮೆಲೇ ಜೋರು ಜಗ್ಗು. ಮಾಡರೇಟ್ ರಾಡ್ ಒಂದೆರಡು ಅಡಿಯ ಅಂತರದಲ್ಲಿ ಹೆಚ್ಚುಕಡಿಮೆ ಒಂದೇ ಬಿಗಿ ಕಾಯ್ದುಕೊಳ್ಳುತ್ತದೆ. ದಾರ ಸಡಿಲವೂ ಆಗುವುದಿಲ್ಲ, ಬಾಯಿ ಹರಿಯುವಷ್ಟು ಎಳೆಯುವುದೂ ಇಲ್ಲ.

ಇನ್ನೊಂದು ಕಾರಣ ಮೀನಿನ ಬಾಯಿ. ಬಾಸ್ ಜಾತಿಯ ಮೀನು ಬೇಟೆಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುವುದಕ್ಕಿಂತ ಬಾಯಿ ಅಗಲಿಸಿ ನೀರಿನ ಸಮೇತ ಹೀರಿಕೊಳ್ಳುತ್ತದೆ. ಬಿಗಿ ತುದಿಯ ರಾಡ್ ಆದರೆ, ಹೀರುವ ಹೊತ್ತಿಗೆ ಸರಿಯಾಗಿ ನೀವು ಲೂರನ್ನು ಆಚೆಗೆ ಎಳೆದುಕೊಂಡು ಬಿಡುತ್ತೀರಿ. ಮೆತ್ತಗಿನ ತುದಿ ಅಷ್ಟು ಬಿಟ್ಟುಕೊಡುತ್ತದೆ, ಲೂರ್ ಒಳಗೆ ಹೋಗುತ್ತದೆ. ಹಾಗೆಯೇ ಲೂರ್ ತಳದ ಕಲ್ಲಿಗೋ ಮರದ ಬೊಡ್ಡೆಗೋ ಬಡಿದಾಗಲೂ ಅಷ್ಟೇ. ಬಡಿದು ದಿಕ್ಕು ತಪ್ಪಿದ ಕ್ಷಣದಲ್ಲೇ ಮೀನು ಹೊಡೆಯುವುದು ಜಾಸ್ತಿ, ಆದರೆ ಅದೇ ಕ್ಷಣದಲ್ಲಿ ಬಿಗಿ ರಾಡ್ ಲೂರನ್ನು ಸಂದಿಗೆ ಇನ್ನೂ ಒಳಕ್ಕೆ ಎಳೆದುಬಿಡುತ್ತದೆ. ಮಾಡರೇಟ್ ರಾಡ್ ಸ್ವಲ್ಪ ತಡೆದುಕೊಂಡರೆ ಲೂರ್ ತಾನಾಗಿ ತೇಲಿ ಕಲ್ಲನ್ನು ದಾಟಿಕೊಳ್ಳುತ್ತದೆ.

ಹಾಗಾದರೆ ಫೈಬರ್‌ಗ್ಲಾಸೋ ಗ್ರ್ಯಾಫೈಟೋ? ಈ ಪ್ರಶ್ನೆಗೆ ಜನ ಹೊಡೆದಾಡುವುದೊಂದು ಬಾಕಿ. ಎರಡನೇ ಮಹಾಯುದ್ಧದ ನಂತರ ಫೈಬರ್‌ಗ್ಲಾಸ್ ಬಂದು ಬಿದಿರು ಮತ್ತು ಉಕ್ಕಿನ ರಾಡ್‌ಗಳನ್ನು ಹಿಂದಕ್ಕೆ ತಳ್ಳಿತು. 1970ರ ದಶಕದಲ್ಲಿ ಗ್ರ್ಯಾಫೈಟ್, ಅಂದರೆ ಕಾರ್ಬನ್ ನಾರು, ಬಂದು ಫೈಬರ್‌ಗ್ಲಾಸನ್ನು ತಳ್ಳಿತು. ಆದರೆ ಕ್ರ್ಯಾಂಕ್‌ಬೇಟ್‌ನವರು ಗ್ಲಾಸ್ ರಾಡ್ ಬಿಡಲೇ ಇಲ್ಲ. ಇದು ಹಳೆಯದರ ಮೇಲಿನ ಮೋಹ ಅಲ್ಲ. ಸಾಮಾನ್ಯ ಕಾರ್ಬನ್ ನಾರು ಗಾಜಿನ ನಾರಿಗಿಂತ ಸುಮಾರು ಮೂರು ಪಟ್ಟು ಬಿಗಿ, ಹಗುರವೂ ಹೌದು. ಗಾಜಿನ ನಾರು ಮುರಿಯುವ ಮುಂಚೆ ಅದರ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಗ್ಲಾಸ್ ರಾಡ್ ಆಳವಾಗಿ ಬಾಗುತ್ತದೆ, ನಿಧಾನಕ್ಕೆ ನೆಟ್ಟಗಾಗುತ್ತದೆ, ಒರಟು ಬಳಕೆ ತಡೆದುಕೊಳ್ಳುತ್ತದೆ. ಅದಕ್ಕೆ ತೆರುವ ಬೆಲೆ ಅಂದರೆ ಭಾರ. ಮೀಡಿಯಂ-ಹೆವಿ ಪವರ್ ಬರಬೇಕಾದರೆ ಗ್ಲಾಸ್ ಜಾಸ್ತಿ ಸುತ್ತಬೇಕು, ಗೋಡೆ ದಪ್ಪ ಆಗಬೇಕು. ಏಳೂವರೆ ಅಡಿಯ ಪೂರ್ತಿ ಗ್ಲಾಸ್ ರಾಡನ್ನು ಬೆಳಗಿನಿಂದ ಸಂಜೆವರೆಗೆ ಬೀಸಿ ನೋಡಿ, ಭುಜ ಹೇಳುತ್ತದೆ.

ನಾನು ಕೊನೆಗೆ ನಿಂತಿದ್ದು ಕಾಂಪೊಸಿಟ್ ಮೇಲೆ, ಗ್ಲಾಸ್ ಮತ್ತು ಗ್ರ್ಯಾಫೈಟ್ ಎರಡನ್ನೂ ಬೆರೆಸಿ ಮಾಡಿದ್ದು. ಕೆಳಭಾಗಕ್ಕೆ ಗ್ರ್ಯಾಫೈಟಿನ ಬಲ, ಮೇಲಕ್ಕೆ ಗ್ಲಾಸಿನ ಬಿಟ್ಟುಕೊಡುವ ಗುಣ. ಮಾಡರೇಟ್ ಆ್ಯಕ್ಷನ್ ಬರುವ ಹಾಗೆ ಮಾಡಿದ ಪೂರ್ತಿ ಗ್ರ್ಯಾಫೈಟ್ ರಾಡ್ ಕೂಡ ಈಗ ಸಿಗುತ್ತದೆ, ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಾರು ಯಾವುದು ಅನ್ನುವುದಕ್ಕಿಂತ ಭಾರ ಬಿದ್ದಾಗ ರಾಡ್ ಯಾವ ಆಕಾರಕ್ಕೆ ಬರುತ್ತದೆ ಅನ್ನುವುದನ್ನು ನೋಡಿ. ಗ್ರ್ಯಾಫೈಟ್‌ನವರು ಯಾವಾಗಲೂ ಎತ್ತುವ ವಾದ ಒಂದೇ, ಕೈಗೆ ಸೂಕ್ಷ್ಮ ಗೊತ್ತಾಗುತ್ತದೆ ಅಂತ. ಎರೆಹುಳದ ಆಕಾರದ ಮೆತ್ತಗಿನ ಪ್ಲಾಸ್ಟಿಕ್ ಲೂರ್‌ಗೆ ಆ ಮಾತು ನಿಜ. ಆದರೆ ಆಳದ ಕ್ರ್ಯಾಂಕ್‌ಬೇಟ್ ಕೈಗೆ ಬಡಿಯುವ ಅದುರು ಎಷ್ಟು ಜೋರು ಅಂದರೆ ಗ್ಲಾಸ್‌ನಲ್ಲೂ ಗೊತ್ತಾಗುತ್ತದೆ. ಅದುರು ನಿಂತುಹೋದರೆ ಒಂದೋ ಹುಲ್ಲು ಸಿಕ್ಕಿದೆ, ಇಲ್ಲ ಮೀನು ಹಿಡಿದಿದೆ. ಅಷ್ಟು ತಿಳಿದರೆ ಸಾಕಲ್ವಾ?

ಉದ್ದಕ್ಕೆ ಬರೋಣ. 7 ಅಡಿ ಸಾಲದು. 7 ಅಡಿ 6 ಇಂಚಿನಿಂದ 8 ಅಡಿಯವರೆಗೆ ಇರಲಿ. ಇದು ಬರೀ ದೂರ ಎಸೆದೆ ಅಂತ ಹೇಳಿಕೊಳ್ಳುವುದಕ್ಕಲ್ಲ. ಎಸೆತದ ಮೊದಲ ಭಾಗದಲ್ಲಿ ಲೂರ್ ಇಳಿಯುತ್ತಲೇ ಇರುತ್ತದೆ. ಕೊನೆ ಭಾಗದಲ್ಲಿ ನಿಮ್ಮ ಕಡೆಗೆ ಮೇಲೇರುತ್ತಿರುತ್ತದೆ. ನಡುವಿನ ತುಂಡಿನಲ್ಲಿ ಮಾತ್ರ ಅದು ಬೇಕಾದ ಆಳದಲ್ಲಿ ಓಡುತ್ತದೆ. ಎಸೆತ ಗಿಡ್ಡ ಆಯಿತು ಅಂದರೆ ಆ ನಡುವಿನ ತುಂಡೇ ಮಾಯ, ಲೂರ್ ಇಳಿಯುವಷ್ಟರಲ್ಲಿ ಏರಲು ಶುರು. ಡಬ್ಬಿ ಮೇಲೆ 20 ಅಡಿ ಅಂತ ಬರೆದಿದ್ದರೂ ನಿಮಗೆ ಸಿಗುವುದು 14 ಅಡಿಯೇ ಇರಬಹುದು. ರಪಾಲಾ ಕಂಪನಿಯ ಡಿಟಿ ಸಾಲಿನ ಲೂರ್‌ಗಳಲ್ಲಿ ಹೆಸರಲ್ಲೇ ಆಳ ಇದೆ, ಡಿಟಿ 6 ಅಂದರೆ 6 ಅಡಿ, ಡಿಟಿ 16 ಅಂದರೆ 16 ಅಡಿ. ಆ ಅಂಕಿ ನಿಜ ಆಗಬೇಕಾದರೆ ಎಸೆತವೂ ದೂರ ಇರಬೇಕು, ದಾರವೂ ತೆಳ್ಳಗಿರಬೇಕು.

ಇಲ್ಲೊಂದು ಅಡ್ಡಮಾತು. 1982ರಲ್ಲಿ ಬಾಸ್‌ಮಾಸ್ಟರ್ ಕ್ಲಾಸಿಕ್ ಅನ್ನುವ ಅಮೆರಿಕದ ದೊಡ್ಡ ಪಂದ್ಯ ಗೆದ್ದವರು ಪಾಲ್ ಎಲಿಯಾಸ್. ಅವರು ದೋಣಿಯಲ್ಲಿ ಮಂಡಿಯೂರಿ ಕೂತು, ರಾಡನ್ನು ನೀರೊಳಗೆ ಇಳಿಸಿ ರೀಲ್ ಸುತ್ತುತ್ತಿದ್ದರು. ರಾಡ್ ತುದಿ ಎಷ್ಟು ಕೆಳಗೆ ಹೋದರೆ ಲೂರ್ ಕೂಡ ಅಷ್ಟು ಕೆಳಗೆ ಓಡುತ್ತದೆ, ಸರಳ ಲೆಕ್ಕ. ಉದ್ದ ರಾಡ್‌ನ ಇನ್ನೊಂದು ಲಾಭ ಇದೇ. ಇಡೀ ದಿನ ಮಂಡಿಯೂರಿ ಕೂರುವುದು ನನ್ನ ಕೈಲಾಗುವುದಿಲ್ಲ, ಆದರೆ ಮೀನುಗಳು ತಳಕ್ಕೆ ಅಂಟಿಕೊಂಡಿವೆ, ಲೂರ್ ಇನ್ನೊಂದೆರಡು ಅಡಿ ಇಳಿದರೆ ಸಾಕು ಅನ್ನಿಸಿದಾಗ ಮಾಡಿದ್ದೇನೆ.

ಉದ್ದ ಜಾಸ್ತಿಯಾದರೆ ತೊಂದರೆ ಇಲ್ಲವೇ? ಇದೆ. ರಾಡ್ ಅನ್ನುವುದು ನಿಮ್ಮ ವಿರುದ್ಧವೇ ಕೆಲಸ ಮಾಡುವ ಸನ್ನೆಕೋಲು. ಲೂರ್ ಅರ್ಧ ಕಿಲೋದಷ್ಟು ಜಗ್ಗುತ್ತಿದೆ ಅಂತ ಇಟ್ಟುಕೊಳ್ಳಿ. ತುದಿ ನಿಮ್ಮ ಮುಂಗೈಯಿಂದ 2 ಮೀಟರ್ ದೂರ ಇದೆ, ಹಿಂದಿನ ಹಿಡಿ 25 ಸೆಂಟಿಮೀಟರ್. ದಾರ ರಾಡ್‌ಗೆ ಅಡ್ಡಲಾಗಿ ಎಳೆಯುತ್ತಿದ್ದರೆ ಹಿಡಿಯ ಹಿಂತುದಿಯಲ್ಲಿ ನೀವು ತಡೆಯಬೇಕಾದದ್ದು 4 ಕಿಲೋ. ಹಿಡಿ 35 ಸೆಂಟಿಮೀಟರ್ ಇದ್ದರೆ ಅದೇ ಭಾರ 3 ಕಿಲೋಗಿಂತ ಕೆಳಗೆ ಇಳಿಯುತ್ತದೆ. ನಿಜದಲ್ಲಿ ರಾಡ್ ಬಾಗಿದಾಗ, ಓರೆಯಾಗಿ ಹಿಡಿದಾಗ ಇಷ್ಟು ಬರುವುದಿಲ್ಲ, ಆದರೂ ಲೆಕ್ಕದ ದಿಕ್ಕು ಇದೇ. ಹಾಗಾಗಿ ಹಿಂದಿನ ಹಿಡಿ ಉದ್ದ ಇರಲಿ. ಎರಡೂ ಕೈಯಿಂದ ಎಸೆಯಲು ಬರಬೇಕು, ಸುತ್ತುವಾಗ ಕಂಕುಳಿಗೆ ಸಿಗಿಸಿಕೊಳ್ಳಲು ಬರಬೇಕು. ಗಿಡ್ಡ ಹಿಡಿಯ ಚೆಂದದ ರಾಡ್‌ಗಳಿಗೆ ಮರುಳಾಗಬೇಡಿ. ಅವು ಬೇರೆ ಕೆಲಸಕ್ಕೆ ಇರುವಂಥವು.

ಈಗ ತಲೆನೋವಿನ ವಿಷಯ. ‘ಮೀಡಿಯಂ-ಹೆವಿ’ ಅಂತ ಬರೆದಿದೆ ನಿಜ, ಆದರೆ ಅದಕ್ಕೆ ಎಲ್ಲ ಕಂಪನಿಗೂ ಒಂದೇ ಅಳತೆ ಅನ್ನುವುದು ಇಲ್ಲ. ಒಬ್ಬರ ಮೀಡಿಯಂ-ಹೆವಿ ಇನ್ನೊಬ್ಬರ ಮೀಡಿಯಂ. ಇದರಿಂದ ಬೇಸತ್ತೇ ಏನೋ, ವಿಲಿಯಂ ಹ್ಯಾನಮನ್ ಅನ್ನುವವರು ಅಮೆರಿಕದ ಒಂದು ಸೆಂಟ್ ನಾಣ್ಯಗಳಿಂದ ರಾಡ್ ಅಳೆಯುವ ದಾರಿ ಹುಡುಕಿದರು. ರಾಡನ್ನು ಅಡ್ಡಲಾಗಿ ಬಿಗಿದು, ತುದಿಗೆ ಒಂದು ಚೀಲ ತೂಗುಹಾಕಿ, ತುದಿ ರಾಡ್ ಉದ್ದದ ಮೂರನೇ ಒಂದರಷ್ಟು ಕೆಳಗೆ ಬರುವವರೆಗೆ ನಾಣ್ಯ ಹಾಕುತ್ತಾ ಹೋಗುವುದು. ಎಷ್ಟು ನಾಣ್ಯ ಹಿಡಿಯಿತು ಅನ್ನುವುದರಿಂದ ಪವರ್, ಆಗ ತುದಿ ಯಾವ ಕೋನದಲ್ಲಿದೆ ಅನ್ನುವುದರಿಂದ ಆ್ಯಕ್ಷನ್. ಎಷ್ಟು ಸರಳ ನೋಡಿ! ನನಗೆ ಇದು ಬಹಳ ಹಿಡಿಸಿತು, ಯಾಕೆಂದರೆ ಬರಹ ನಂಬುವುದು ಬಿಟ್ಟು ಕಣ್ಣಲ್ಲಿ ನೋಡುವ ದಾರಿ ಇದು.

ಆಳದ ಕ್ರ್ಯಾಂಕ್‌ಬೇಟ್‌ಗೆ ನಾನು ಇದನ್ನು ಸ್ವಲ್ಪ ಬದಲಾಯಿಸಿಕೊಂಡಿದ್ದೇನೆ. ಮೀನು ತೂಗುವ ಕೈತಕ್ಕಡಿ ಇರುತ್ತದಲ್ಲ, ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ, ಅದಕ್ಕೆ ಹತ್ತು ಹದಿನೈದು ಮೀಟರ್ ದಾರ ಕಟ್ಟಿ, ದಾರದ ತುದಿಗೆ ಲೂರ್ ಕಟ್ಟಿ, ಲೂರನ್ನು ನೀರಿಗೆ ಬಿಟ್ಟು ದಡದ ಉದ್ದಕ್ಕೂ ನಡೆಯಿರಿ. ನೀವು ರೀಲ್ ಸುತ್ತುವ ವೇಗಕ್ಕೆ ಹತ್ತಿರದ ವೇಗದಲ್ಲಿ. ಜನ ನೋಡಿ ನಗಬಹುದು, ನಗಲಿ. ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ನೋಡಿಕೊಳ್ಳಿ. ಅದೇ ನಿಮ್ಮ ಲೂರ್‌ನ ಜಗ್ಗುವಿಕೆ. ಆಮೇಲೆ ಒಂದು ಬಾಟಲಿಗೆ ಅಷ್ಟೇ ತೂಕದ ನೀರು ತುಂಬಿ. 400 ಗ್ರಾಂ ಬಂದಿದ್ದರೆ 400 ಮಿಲಿಲೀಟರ್. ರಾಡ್‌ಗೆ ರೀಲ್ ಹಾಕಿ, ದಾರವನ್ನು ರಾಡ್ ಮೇಲಿನ ಎಲ್ಲ ಗೈಡ್‌ಗಳ (ದಾರ ಹಾಯುವ ಉಂಗುರಗಳ) ಮೂಲಕ ತಂದು ಬಾಟಲಿ ಕಟ್ಟಿ, ರಾಡನ್ನು ನೆಲಕ್ಕೆ ಸಮವಾಗಿ ಹಿಡಿದು ಮೆಲ್ಲಗೆ ಎತ್ತಿ. ಜೊತೆಯಲ್ಲಿರುವವರಿಗೆ ಪಕ್ಕದಿಂದ ಒಂದು ಫೋಟೋ ತೆಗೆಯಲು ಹೇಳಿ.

ಫೋಟೋದಲ್ಲಿ ಏನು ನೋಡಬೇಕು? ತುದಿಯ ಕಡೆ ಚೆನ್ನಾಗಿ ಬಾಗಿರಬೇಕು, ಕೆಳಗಿನ ಅರ್ಧ ಹೆಚ್ಚುಕಡಿಮೆ ನೆಟ್ಟಗಿರಬೇಕು. ಆ ನೆಟ್ಟಗಿರುವ ಅರ್ಧವೇ ಮೀನಿಗಾಗಿ ಉಳಿಸಿಟ್ಟ ಬಲ. ಬರೀ ಲೂರ್‌ನ ಭಾರಕ್ಕೇ ಬಾಗು ಹಿಡಿಯವರೆಗೂ ಬಂದುಬಿಟ್ಟಿದ್ದರೆ ಅದು ನನ್ನ ಆ ಹಳೆಯ ರಾಡ್‌ನ ತಮ್ಮ ಅಂತ ತಿಳಿಯಿರಿ. ಬಾಗಿದ್ದು ತುದಿಯ ಒಂದು ಮೊಳ ಮಾತ್ರ, ಉಳಿದದ್ದು ಕಬ್ಬಿಣದ ಸರಳಿನ ಹಾಗೆ ನಿಂತಿದೆ ಅಂದರೆ ಅದು ಫಾಸ್ಟ್ ರಾಡ್, ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ. ಹೊಸ ರಾಡ್ ಕೊಳ್ಳುವಾಗಲೂ ಒಂದು ಖಾಲಿ ಬಾಟಲಿ ಜೊತೆಗಿಟ್ಟುಕೊಳ್ಳಿ, ಅಂಗಡಿಯವರನ್ನು ಕೇಳಿಯೇ ಪರೀಕ್ಷೆ ಮಾಡಿ. ತುದಿಯನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡುವುದು ಮಾತ್ರ ಬೇಡ. ಮೀನು ಹಿಡಿಯುವಾಗ ಬರುವ ಬಾಗು ಅಲ್ಲ ಅದು, ಆ ಒಂದು ಜಾಗದಲ್ಲೇ ಒತ್ತಡ ಬಿದ್ದು ಪಟ್ ಅನ್ನುತ್ತದೆ.

ಬಾಟಲಿ ತೂಗುತ್ತಿರುವಾಗಲೇ ಗೈಡ್‌ಗಳನ್ನೂ ನೋಡಿಬಿಡಿ. ರೀಲ್ ಮೇಲ್ಗಡೆ ಕೂರುವ ಬೇಟ್‌ಕಾಸ್ಟಿಂಗ್ ರಾಡ್‌ನಲ್ಲಿ ದಾರವೂ ಮೇಲ್ಗಡೆ ಓಡುತ್ತದೆ, ರಾಡ್ ಕೆಳಕ್ಕೆ ಬಾಗಿದಾಗ ಎರಡು ಗೈಡ್ ನಡುವೆ ದಾರ ರಾಡ್‌ನ ಮೈಗೆ ತಾಗುತ್ತಿದ್ದರೆ ಗೈಡ್‌ಗಳು ಕಡಿಮೆ ಬಿದ್ದಿವೆ ಅಂತ ಅರ್ಥ. ಜಾಸ್ತಿ ಬಾಗುವ ರಾಡ್‌ಗೆ ಗೈಡ್ ಕೂಡ ಜಾಸ್ತಿ ಬೇಕು.

ಎಸೆಯುವ ತೂಕವನ್ನು ಪೂರ್ತಿ ಮರೆಯಿರಿ ಅಂತಲ್ಲ. ಡಿಟಿ 16 ಮುಕ್ಕಾಲು ಔನ್ಸ್, ಅಂದರೆ 21 ಗ್ರಾಂ. ಸ್ಟ್ರೈಕ್ ಕಿಂಗ್ ಕಂಪನಿಯವರ 6ಎಕ್ಸ್‌ಡಿ ಲೂರ್ ಒಂದು ಔನ್ಸ್, 10ಎಕ್ಸ್‌ಡಿ ಸುಮಾರು ಎರಡು ಔನ್ಸ್. ನಿಮ್ಮ ಲೂರ್ ತೂಕ ರಾಡ್‌ನ ಮಿತಿಯ ನಡುಭಾಗದಲ್ಲಿ ಬೀಳಲಿ. ಮೇಲಿನ ಅಂಚಿನಲ್ಲಿದ್ದರೆ ಎಸೆಯುವಾಗ ರಾಡ್ ಕುಸಿದ ಹಾಗಾಗುತ್ತದೆ. ಕೆಳ ಅಂಚಿನಲ್ಲಿದ್ದರೆ ರಾಡ್ ಬಾಗುವುದೇ ಇಲ್ಲ, ಬಾಗದ ರಾಡ್ ದೂರ ಎಸೆಯುವುದಿಲ್ಲ. ಎರಡು ಔನ್ಸಿನ ಲೂರ್‌ಗೆ ಬೇರೆ ರಾಡೇ ಬೇಕು, ಅದಕ್ಕೂ 6ಎಕ್ಸ್‌ಡಿಗೂ ಒಂದೇ ರಾಡ್ ಅಂತ ಹೊರಟರೆ ಎರಡಕ್ಕೂ ಅನ್ಯಾಯ.

ದಾರದ ಬಗ್ಗೆ ಚಿಕ್ಕದಾಗಿ, ಯಾಕೆಂದರೆ ದಾರ ಬದಲಾದರೆ ರಾಡ್‌ನ ಗುಣವೂ ಬದಲಾದ ಹಾಗೆ. ಫ್ಲೋರೋಕಾರ್ಬನ್ ದಾರ ನೀರಿಗಿಂತ ಪೌಣೆ ಎರಡು ಪಟ್ಟು ಸಾಂದ್ರ, ಮುಳುಗುತ್ತದೆ. 10 ರಿಂದ 12 ಪೌಂಡ್ ಎಳೆತ ತಡೆಯುವಂಥದು ಈ ಕೆಲಸಕ್ಕೆ ಸರಿ. ಅದು ಹಿಗ್ಗುವುದೇ ಇಲ್ಲ ಅಂತ ಕೆಲವರು ಹೇಳುತ್ತಾರೆ, ಹಿಗ್ಗುತ್ತದೆ. ಬ್ರೇಡ್, ಅಂದರೆ ಎಳೆಗಳನ್ನು ಹೆಣೆದು ಮಾಡಿದ ದಾರ, ನಿಜಕ್ಕೂ ಹಿಗ್ಗುವುದಿಲ್ಲ ಅನ್ನಬಹುದು, ಅದನ್ನು ಹಾಕುವುದಾದರೆ ರಾಡ್ ಇನ್ನೂ ಒಂದು ಮಟ್ಟ ಮೆತ್ತಗಿನ ಆ್ಯಕ್ಷನ್‌ನದು ಇರಬೇಕು. ಬ್ರೇಡ್ ಜೊತೆ ಫಾಸ್ಟ್ ರಾಡ್ ಸೇರಿದರೆ ಹುಕ್ ಬಾಯಿ ಹರಿದುಕೊಂಡು ಬರುತ್ತದೆ.

ಸರಿಯಾದ ರಾಡ್ ಕೈಗೆ ಬಂದಮೇಲೆ ಕೈಯ ಚಾಳಿ ಬದಲಾಗದಿದ್ದರೆ ಕಷ್ಟ. ಮೀನು ಕಚ್ಚಿದ ಕೂಡಲೇ ರಾಡನ್ನು ಆಕಾಶಕ್ಕೆ ಎತ್ತಿ ಜಾಡಿಸುವವರು ನಮ್ಮಲ್ಲಿ ಬಹಳ ಇದ್ದೇವೆ. ಇಲ್ಲಿ ಅದು ಬೇಡ. ರೀಲ್ ಸುತ್ತುತ್ತಲೇ ಇರಿ, ರಾಡನ್ನು ಪಕ್ಕಕ್ಕೆ ಉದ್ದಕ್ಕೆ ಬೀಸಿಕೊಂಡು ಹೋಗಿ, ಅಷ್ಟೇ. ಸುತ್ತುವಾಗ ರಾಡ್ ಲೂರ್ ಕಡೆಗೆ ನೇರ ಇರುವುದೂ ಬೇಡ, ಹಾಗಿದ್ದರೆ ಭಾರವೆಲ್ಲ ರೀಲ್ ಮೇಲೆ ಬೀಳುತ್ತದೆ, ರಾಡ್ ಇದ್ದೂ ಇಲ್ಲದ ಹಾಗೆ. ಸ್ವಲ್ಪ ಓರೆಯಾಗಿ ಹಿಡಿಯಿರಿ, ತುದಿ ಕೆಳಗಿರಲಿ. ಲೂರ್ ಎಲ್ಲಾದರೂ ಸಿಕ್ಕಿಕೊಂಡಾಗ ಮೊದಲು ದಾರ ಸಡಿಲ ಬಿಡಿ, ಎಷ್ಟೋ ಸಲ ಅದೇ ತೇಲಿ ಬಿಡಿಸಿಕೊಳ್ಳುತ್ತದೆ. ಬರದಿದ್ದರೆ ಆಗ ಮಾತ್ರ ರಾಡನ್ನು ನೇರ ಹಿಡಿದು, ರೀಲ್‌ನ ಸ್ಪೂಲ್ (ದಾರದ ಸುರುಳಿ) ಒತ್ತಿಕೊಂಡು ಹಿಂದಕ್ಕೆ ಸರಿಯಿರಿ. ರಾಡ್‌ನಿಂದ ಜಗ್ಗಿ ಬಿಡಿಸಲು ಹೋಗಬೇಡಿ.

ಕೊನೆಗೆ ಒಬ್ಬರು ಕೇಳಿದರು, ‘ನನ್ನ ಹತ್ತಿರ ಇರುವುದು ಒಂದೇ ರಾಡ್, 7 ಅಡಿ, ಮೀಡಿಯಂ-ಹೆವಿ, ಫಾಸ್ಟ್. ಹೊಸದು ಈಗ ಆಗುವುದಿಲ್ಲ, ಏನು ಮಾಡಲಿ?’ ಅಂತ. ಅದರಲ್ಲೇ ಎಸೆಯಿರಿ. ಬ್ರೇಡ್ ಹಾಕಿದ್ದರೆ ತೆಗೆದು ನೈಲಾನ್ ದಾರ ಹಾಕಿ, ಅದು ಚೆನ್ನಾಗಿ ಹಿಗ್ಗುತ್ತದೆ, ರಾಡ್ ಬಿಟ್ಟುಕೊಡದ್ದನ್ನು ದಾರ ಬಿಟ್ಟುಕೊಡುತ್ತದೆ. ನೈಲಾನ್‌ನಲ್ಲಿ ಲೂರ್ ಸ್ವಲ್ಪ ಕಡಿಮೆ ಆಳಕ್ಕೆ ಇಳಿಯಬಹುದು, ಅದನ್ನು ಒಪ್ಪಿಕೊಳ್ಳಿ. ರೀಲ್‌ನ ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬ್ರೇಕ್) ಒಂದು ಮಟ್ಟ ಸಡಿಲ ಮಾಡಿ. ಕಚ್ಚಿದಾಗ ಜಾಡಿಸಬೇಡಿ, ಸುಮ್ನೆ ಸುತ್ತುತ್ತಾ ಇರಿ. ಲೂರ್ ಮಾತ್ರ ಡಿಟಿ 16ಕ್ಕಿಂತ ದೊಡ್ಡದು ಬೇಡ.